ಗುಂಗುರು ಕೂದಲು, ಗೊಂಪು ಮತ್ತು ರಾತ್ರಿಯ ಹುರಿ

ಒದ್ದೆ ಇದ್ದಾಗ ಎಳೆದು ಹಿಡಿದರೆ ನನ್ನ ಕೂದಲು ಭುಜ ದಾಟುತ್ತೆ. ಅದೇ ಕೂದಲನ್ನು ಅದರ ಪಾಡಿಗೆ ಒಣಗಲು ಬಿಟ್ಟರೆ ಕಿವಿಯ ಮಟ್ಟಕ್ಕೆ ಬಂದು ಕೂರುತ್ತೆ. ಉಳಿದ ಉದ್ದವೆಲ್ಲ ಸುರುಳಿಯೊಳಗೆ. ಹೀಗೆ ಮುದುಡುವಾಗ ಒಂದು ಸುರುಳಿ ಪಕ್ಕದ ಸುರುಳಿಗೆ ನುಗ್ಗುತ್ತೆ, ಸಿಕ್ಕಾಗೋದು ಅಲ್ಲೇ. ಆ ಮುದ್ದೆಯ ಮೇಲೆ ರಾತ್ರಿಯಿಡೀ ತಲೆಯ ಭಾರ ಬಿದ್ದರೆ ಬೆಳಿಗ್ಗೆ ಒಂದು ಮಗ್ಗುಲು ಚಪ್ಪಟೆ. ಅದಕ್ಕೇ ಸಿಕ್ಕಿಗೊಂದು, ಚಪ್ಪಟೆಗೊಂದು ಅಂತ ಬೇರೆ ಬೇರೆ ಮದ್ದು ನಾನು ಹುಡುಕೋದಿಲ್ಲ. ಕೂದಲು ಮುದುಡದ ಹಾಗೆ ಎಳೆದು ಕಟ್ಟಿ ಒಣಗಿಸಿದರೆ ಎರಡೂ ಮುಕ್ಕಾಲು ಪಾಲು ತಪ್ಪುತ್ತೆ.

ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ, ಕೆಲಸ ಹುಬ್ಬಳ್ಳಿಯಲ್ಲಿ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು ಅನ್ನೋದನ್ನು ನಮ್ಮ ತಲೆ ನೋಡಿದರೆ ಸಾಕು, ಬೇರೆ ಯಾರೂ ಹೇಳಬೇಕಿಲ್ಲ. ಊರಲ್ಲಿ ಆಯಿಯ ಕಾಲದ ಹೆಂಗಸರೆಲ್ಲ ಎಣ್ಣೆ ಹಚ್ಚಿ, ಹಿಂದಕ್ಕೆ ಬಿಗಿದು ಬಾಚಿ ಗಂಟು ಕಟ್ಟುವವರು. ನನಗೆ ಬಿಟ್ಟುಕೊಂಡು ಓಡಾಡೋದೇ ಇಷ್ಟ. ಹೇಗೆ ನೋಡಿಕೊಳ್ಳಬೇಕು ಅಂತ ಕಲಿತದ್ದು ನೈಜೀರಿಯಾ, ಅಮೆರಿಕದ ಕಪ್ಪು ಹೆಣ್ಣುಮಕ್ಕಳ ವಿಡಿಯೊಗಳಿಂದ. ಸಾಮಾನು ಮಾತ್ರ ನಮ್ಮ ಹಿತ್ತಲಿನದು. ಪಾರ್ಲರಿನವರ ಸಲಹೆ ಕೇಳೋದು ಬಿಟ್ಟಿದ್ದೇನೆ, ಅವರದು ಒಂದೇ ಮಂತ್ರ: ಸ್ಟ್ರೇಟ್ ಮಾಡಿಸಿ ಮೇಡಂ.

ಒಣ ಕೂದಲನ್ನು ನಾನು ಹಣಿಗೆಯಿಂದ ಬಾಚೋದಿಲ್ಲ. ನೇರ ಕೂದಲಲ್ಲಿ ನೆತ್ತಿಯ ಜಿಡ್ಡು ಸಲೀಸಾಗಿ ತುದಿಯವರೆಗೆ ಇಳಿಯುತ್ತೆ. ನಮ್ಮ ಕೂದಲಲ್ಲಿ ಅದಕ್ಕೆ ಸುರುಳಿಗಳನ್ನೆಲ್ಲ ದಾಟಿ ಇಳಿಯೋದು ಕಷ್ಟ. ಬುಡ ಜಿಡ್ಡುಜಿಡ್ಡು, ತುದಿ ಒಣಕಲು. ಮೇಲಾಗಿ ಎಳೆ ತಿರುಗುವ ಪ್ರತಿ ತಿರುವೂ ಮುರಿಯಲು ಕಾದಿರೋ ಜಾಗ. ಸೀಗೆಪುಡಿಯನ್ನೂ ನೇರ ತಲೆಗೆ ಹಾಕೋದಿಲ್ಲ, ಆ ಪುಡಿ ಸುರುಳಿಯಲ್ಲಿ ಕೂತರೆ ನಾಲ್ಕು ತಂಬಿಗೆ ನೀರಿಗೂ ಹೋಗೋದಿಲ್ಲ. ಬೇಕೇಬೇಕು ಅಂದರೆ ಕಾಯಿ ಕುದಿಸಿ ಬಟ್ಟೆಯಲ್ಲಿ ಸೋಸಿದ ತಿಳಿ.

ನನ್ನ ನಿಜವಾದ ಬಂಡವಾಳ ಗೊಂಪು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ಎರಡು ಹಿಡಿ ದಾಸವಾಳದ ಎಲೆಯನ್ನು ನೀರಿನಲ್ಲಿ ನೆನೆಸಿ, ಕೈಯಲ್ಲೇ ಕಿವುಚಬೇಕು. ಸ್ವಲ್ಪ ಹೊತ್ತಿಗೆ ನೀರು ಹಸಿರಾಗಿ, ಬೆರಳೆತ್ತಿದರೆ ದಾರದ ಹಾಗೆ ಲೋಳೆ ಇಳಿಯುತ್ತೆ. ಮತ್ತಿ ಸೊಪ್ಪು ಸಿಕ್ಕರೆ ಅದರದೂ ಚೆನ್ನಾಗಿರುತ್ತೆ. ಮಿಕ್ಸಿಗೆ ಹಾಕಬೇಡಿ. ಎಲೆ ನುಣ್ಣಗಾದಷ್ಟೂ ಬಟ್ಟೆಯ ಕಣ್ಣಿನಿಂದ ನುಸುಳುತ್ತೆ, ಆಮೇಲೆ ಒಂದೊಂದೇ ಚೂರನ್ನು ತಲೆಯಿಂದ ಆರಿಸುತ್ತಾ ಕೂರಬೇಕಾಗುತ್ತೆ. ತೆಳು ಪಂಚೆಯಲ್ಲಿ ಸೋಸಿ, ಹಿಂಡಿ, ಆ ಲೋಳೆಯನ್ನಷ್ಟೇ ತೆಗೆದುಕೊಳ್ಳಿ. ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ದಾಸವಾಳ ಇಲ್ಲದ ವಾರ ಅಗಸಿ ಇದೆ: ಎರಡು ಚಮಚ ಬೀಜವನ್ನು ಎರಡು ಲೋಟ ನೀರಲ್ಲಿ ಕುದಿಸಿ, ನೀರು ಗಟ್ಟಿಯಾಗುತ್ತಾ ಬಂದ ಕೂಡಲೇ ಬಿಸಿ ಇರುವಾಗಲೇ ಸೋಸಬೇಕು. ಆರಿದ ಮೇಲೆ ಜರಡಿಯಲ್ಲಿ ಇಳಿಯೋದೇ ಇಲ್ಲ.

ತಲೆ ತೊಳೆಯುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬೇರೆ ಹಲವು ಎಣ್ಣೆಗಳು ಮೇಲೆಯೇ ನಿಂತರೆ ಇದು ಎಳೆಯೊಳಗೆ ಇಳಿಯುತ್ತೆ, ಹಾಗಾಗಿ ತೊಳೆಯುವಾಗ ಕೂದಲು ಹೆಚ್ಚು ನೀರು ಕುಡಿದು ಉಬ್ಬೋದಿಲ್ಲ. ಬೆಳಿಗ್ಗೆ ತೊಳೆದು, ನೀರು ತೊಟ್ಟಿಕ್ಕುವಾಗಲೇ ತಲೆಯನ್ನು ಎಂಟು ಪಾಲು ಮಾಡಿ ಕ್ಲಿಪ್ ಹಾಕುತ್ತೇನೆ. ಒಂದು ಪಾಲು ಬಿಚ್ಚಿ ಗೊಂಪು ಸವರಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ ಬಿಡಿಸೋದು. ಶುರು ತುದಿಯಿಂದ. ಗಂಟಿನ ಮೇಲ್ಗಡೆ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದರೆ ಎಳೆತ ಬುಡಕ್ಕೆ ತಾಗೋದಿಲ್ಲ. ಕಿವಿಯೂ ಕೆಲಸ ಮಾಡಬೇಕು: ಚಟ್ ಚಟ್ ಅಂದರೆ ಎಳೆ ಮುರಿಯುತ್ತಿದೆ ಅಂತ ಅರ್ಥ, ಹಣಿಗೆ ತೆಗೆದು ಇನ್ನಷ್ಟು ಗೊಂಪು ಹಾಕಬೇಕು. ಗೊಂಪು ಸಾಕಷ್ಟಿದ್ದರೆ ಸದ್ದೇ ಇರೋದಿಲ್ಲ. ಉದುರಿದ ಎಳೆಗಳು ಒಂದಿಷ್ಟು ಕೈಗೆ ಬಂದರೆ ಗಾಬರಿ ಬೇಡ. ನೇರ ಕೂದಲಿನವರಿಗೆ ದಿನಾ ನೆಲಕ್ಕೆ ಬೀಳುವ ಎಳೆಗಳು ನಮಗೆ ಸುರುಳಿಯಲ್ಲೇ ಸಿಕ್ಕಿಕೊಂಡಿದ್ದು, ವಾರಕ್ಕೊಮ್ಮೆ ಒಟ್ಟಿಗೆ ಬರುತ್ತವೆ.

ಬಿಡಿಸಿದ ಪಾಲನ್ನು ಹಾಗೇ ಬಿಡದೆ ಅಲ್ಲೇ ಎರಡೆಳೆ ಮಾಡಿ ಹುರಿ ಹೊಸೆಯುತ್ತೇನೆ. ತುದಿಯನ್ನು ಬೆರಳಿಗೆ ಸುತ್ತಿ ಬಿಟ್ಟರೆ ಬಿಚ್ಚಿಕೊಳ್ಳೋದಿಲ್ಲ. ಇನ್ನೂ ಎಳೆತ ಬೇಕಾದಾಗ ಹುರಿಯ ಬುಡದಿಂದ ಅರ್ಧದವರೆಗೆ ಕಪ್ಪು ದಾರ ಸುತ್ತುತ್ತೇನೆ. ನೈಜೀರಿಯಾದ ಯೊರುಬಾ ಹೆಂಗಸರದು ಇಂಥ ದಾರದ ಕೆಲಸದಲ್ಲಿ ಪಳಗಿದ ಕೈ. ಬಿಸಿ ಇಸ್ತ್ರಿ ಇಲ್ಲದೆ ಕೂದಲು ಉದ್ದವಾಗುತ್ತೆ. ಪೂರ್ತಿ ಒಣಗದೆ ಬಿಚ್ಚಬಾರದು. ಹೊರಗೆ ಒಣಗಿದ ಹಾಗಿದ್ದು ಒಳಗೆ ತಣ್ಣಗಿದ್ದರೆ, ಬಿಚ್ಚಿದ ಅರ್ಧ ಗಂಟೆಗೆ ಎಲ್ಲ ಮತ್ತೆ ಮುದುಡುತ್ತೆ.

ಬಿಚ್ಚಿದ ಮೇಲೆ ಆಫ್ರೊ ಪಿಕ್ಕಿನ ಕೆಲಸ. ಉದ್ದ ಹಲ್ಲಿನ ಈ ಹಣಿಗೆ ನಿನ್ನೆ ಮೊನ್ನೆಯದಲ್ಲ, ಐದು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನಲ್ಲೂ ಇಂಥವು ಇದ್ದವು. 2013ರಲ್ಲಿ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂ ಆಫ್ರೊ ಹಣಿಗೆಯ ಮೇಲೆಯೇ ಒಂದು ಪ್ರದರ್ಶನ ಇಟ್ಟಿತ್ತು. ಅದು ಬಾಚಲಿಕ್ಕೆ ಅಲ್ಲ, ಎತ್ತಲಿಕ್ಕೆ. ಬುಡಕ್ಕೆ ತೂರಿಸಿ, ಒಂದಿಂಚು ಮೇಲೆತ್ತಿ, ಹೊರಗೆ ತೆಗೆಯಬೇಕು. ತುದಿಯವರೆಗೆ ಎಳೆದರೆ ಇಷ್ಟು ಹೊತ್ತು ಮಾಡಿದ ಸುರುಳಿ ಹತ್ತಿಯಾಗುತ್ತೆ.

ರಾತ್ರಿ ಮತ್ತೆ ಹುರಿ, ಆದರೆ ದಪ್ಪದು, ಆರೋ ಏಳೋ ಸಾಕು. ನಮ್ಮ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ಹೊರದೇಶದ ಪ್ರದರ್ಶನಗಳಿಗೂ ಹೋಗುತ್ತೆ, ನನಗೂ ಅದನ್ನು ಹೊದೆಯದೆ ನಿದ್ದೆ ಬರೋದಿಲ್ಲ. ಆದರೆ ಹತ್ತಿ ಬಟ್ಟೆ ಕೂದಲಿನ ಪಸೆ ಹೀರುತ್ತೆ, ಉಜ್ಜಿ ಉಜ್ಜಿ ಸಿಕ್ಕು ಮಾಡುತ್ತೆ. ಅದಕ್ಕೆ ಆಯಿ ಕೌದಿಗೆ ಅಂತ ಕೂಡಿಟ್ಟ ತುಂಡುಗಳಲ್ಲಿ ಒಂದು ಹಳೆ ರೇಷ್ಮೆ ಸೀರೆಯ ತುಂಡು ಕೇಳಿ ತಂದು, ಅಂಚಿಗೆ ಎಲಾಸ್ಟಿಕ್ ಹಾಕಿ ಟೊಪ್ಪಿ ಹೊಲಿದುಕೊಂಡಿದ್ದೇನೆ. ಜರಿ ಇರುವ ಭಾಗ ಬೇಡ, ಕೂದಲು ಸಿಕ್ಕಿಕೊಳ್ಳುತ್ತೆ.

ಹಗಲಲ್ಲಿ ಚಪ್ಪಟೆ ಮಾಡುವವು ಎರಡು, ಬಸ್ಸಿನ ಸೀಟು ಮತ್ತು ಹೆಲ್ಮೆಟ್. ಹುಬ್ಬಳ್ಳಿಯಿಂದ ಊರಿಗೆ ಹೋಗುವಾಗ ನಿದ್ದೆ ಹತ್ತೋದು ಗ್ಯಾರಂಟಿ, ಹಾಗಾಗಿ ಟೊಪ್ಪಿ ಹಾಕಿಕೊಂಡೇ ಕೂರುತ್ತೇನೆ. ನೋಡುವವರು ನೋಡಲಿ. ಹೆಲ್ಮೆಟ್ಟಿಗೆ ನಾಲ್ಕು ಜಡೆ, ಕುತ್ತಿಗೆಯ ಹತ್ತಿರ ಇಳಿಬಿಟ್ಟು. ಇಷ್ಟಾದರೂ ಹಿಂದಲೆ ಅಂಟಿಕೊಂಡಿದ್ದರೆ ನೀರು ಚಿಮುಕಿಸೋದಿಲ್ಲ, ನೀರು ಜಾಸ್ತಿ ಬಿದ್ದರೆ ಅಷ್ಟೇ ಭಾಗ ಮುದುಡಿ ಗುಳಿ ಬೀಳುತ್ತೆ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆಯಲ್ಲಿ ಸ್ವಲ್ಪ ಹೊತ್ತು ನಿಂತು, ಬೆರಳಿನಿಂದ ಬುಡ ಅಲ್ಲಾಡಿಸಿದರೆ ತಾನಾಗಿ ಏಳುತ್ತೆ. ಹಿಂದಿನ ಸೀಟಿನವರು ಕೇಳದೆ ಕೈ ಹಾಕಿ ಮುಟ್ಟಿ ನೋಡೋದಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಕತ್ತರಿ ಮೂರ್ನಾಲ್ಕು ತಿಂಗಳಿಗೊಮ್ಮೆ, ತುದಿಯಲ್ಲಿ ಒಂಟಿ ಎಳೆ ತನಗೆ ತಾನೇ ಗಂಟು ಹಾಕಿಕೊಂಡದ್ದು ಬೆರಳಿಗೆ ಸಿಗತೊಡಗಿದಾಗ. ಆ ಗಂಟು ಬಿಡಿಸಲು ಹೋಗೋದಿಲ್ಲ, ಗಂಟಿನ ಮೇಲೆ ಕತ್ತರಿಸಿಬಿಡೋದು.

ಇದೆಲ್ಲ ದೀಪಾವಳಿಯಿಂದ ಮೇ ತಿಂಗಳವರೆಗಿನ ಲೆಕ್ಕ. ಯಲ್ಲಾಪುರದ ಮಳೆಯಲ್ಲಿ ಗಾಳಿಯೇ ಒದ್ದೆ, ಯಾವ ಹುರಿಯೂ ಒಣಗೋದಿಲ್ಲ, ಒಣಗಿದ್ದೂ ಬಾಗಿಲು ದಾಟುವಷ್ಟರಲ್ಲಿ ಮುದುಡುತ್ತೆ. ಆಗ ನೆತ್ತಿಗಂಟಿದ ಸಣ್ಣ ಜಡೆ ಹಾಕಿಸಿಕೊಂಡು, ಎರಡು ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ.