ಮೆಟಡೋರ್‌ಗೆ ಬೆಂಜ್ ಎಂಜಿನ್: ಮೊದಲು ತೂಗಿದೆ, ಆಮೇಲೆ ಬಿಚ್ಚಿದೆ

ಹೋದ ತಿಂಗಳು ಅರಣ್ಯ ಇಲಾಖೆಯ ಅನುಮತಿ ತಗೊಂಡು ನನ್ನ ಹಳೇ ಮೆಟಡೋರ್ ವ್ಯಾನನ್ನು ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಹತ್ತಿಸಿದೆ. ಎರಡನೇ ಗೇರಲ್ಲೇ ಏರಿತು. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. "ಆ ಗುಜರಿಗೆ ರೊಕ್ಕ ಸುರೀಬ್ಯಾಡ್ರಿ ಅಣ್ಣಾರ" ಅಂದಿದ್ದ ದಾವಣಗೆರೆಯ ಮೂರು ಗ್ಯಾರೇಜ್ ಮೇಸ್ತ್ರಿಗಳಲ್ಲಿ ಒಬ್ಬರು ಪಕ್ಕದ ಸೀಟಲ್ಲೇ ಕೂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಬಜಾಜ್ ಟೆಂಪೋ ಕಂಪನಿಯ ಮೆಟಡೋರ್ 305. ಹಿಂದೆ ಮಂಚ, ಗ್ಯಾಸ್ ಒಲೆ, ಒಂದು ಕಪಾಟು, 60 ಲೀಟರ್ ನೀರಿನ ಟ್ಯಾಂಕು. ಮನೆ ಚೆನ್ನಾಗಿತ್ತು, ಎಂಜಿನ್ ಮುಗಿದಿತ್ತು. ಎಂಜಿನ್ ಉಸಿರು ಬಿಡುವ ಬ್ರೀದರ್ ಪೈಪಲ್ಲಿ ಬೀಡಿ ಸೇದುವವರ ಹಾಗೆ ಹೊಗೆ. ಸಿಲಿಂಡರ್ ಕೊರೆಸಿ ರೀಬೋರ್ ಮಾಡಿಸೋಣ ಅಂದರೆ ಪಿಸ್ಟನ್ ಸೆಟ್‌ಗಾಗಿ ನಾಲ್ಕು ತಿಂಗಳು ಅಲೆದೆ, ಸಿಗಲಿಲ್ಲ.

ಎಲ್ಲರ ಬಾಯಲ್ಲೂ ಒಂದೇ ಮಾತು: "ಜೀಪಿನ ಡಿಐ ಹಾಕ್ರಿ, ಕಣ್ಮುಚ್ಚಿ ಓಡ್ತತಿ." ಡಿಐ ಅಂದರೆ ಮಹೀಂದ್ರಾ ಜೀಪಿನ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್ ಎಂಜಿನ್. ನಾನೂ ನಂಬಿದೆ. 52 ಸಾವಿರ ಕೊಟ್ಟು ತಂದೆ. ಬ್ರಾಕೆಟ್ ವೆಲ್ಡಿಂಗು, ಕೂಲಿ ಅಂತ ಮತ್ತೆ ಆರು ಸಾವಿರ. ಹರಿಹರದ ತನಕ ಒಂದು ರೌಂಡ್ ಹೋಗಿ ಬಂದೆ ಅಷ್ಟೆ. ಐಡ್ಲಿಂಗ್‌ನಲ್ಲೇ ಕಪಾಟಿನ ಬಾಗಿಲು ತೆರೆದುಕೊಂಡು ತಟ್ಟೆ ಲೋಟ ಎಲ್ಲ ಮಂಚದ ಮೇಲೆ ಬಿದ್ದವು. ಸ್ಟೀರಿಂಗ್ ಕಲ್ಲಿನಂತೆ ಗಟ್ಟಿ. ಡಿಐ ಒಳ್ಳೇ ಎಂಜಿನ್ನೇ, ಎಳೆತ ಜಾಸ್ತಿ, ಅದರ ಮೇಲೆ ದೂರಿಲ್ಲ. ಆದರೆ ಅದು ಮಲಗುವ ಕೋಣೆಯೊಳಗೆ ಇಡುವ ಎಂಜಿನ್ ಅಲ್ಲ.

ಇನ್ನೊಂದು ಕಷ್ಟ ಕಾಗದದ್ದು. ಡಿಐ ಮಾಡಿದ ಕಂಪನಿಯೇ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಬದಲಿಸಿದ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲಂತೂ ಮನಬಂದಂತೆ ಮಾಡುವ ಹಾಗಿಲ್ಲ. ಡಿಐಯನ್ನು 35 ಸಾವಿರಕ್ಕೆ ಮಾರಿದೆ. ಅಲ್ಲಿಗೆ 23 ಸಾವಿರ ನೀರಲ್ಲಿ ಹೋಮ.

ಹಳೇ ಎಂಜಿನ್ ಬಿಚ್ಚುವ ಮುಂಚೆ ಒಂದು ಸಲ, ಡಿಐ ಇಳಿಸುವ ಮುಂಚೆ ಇನ್ನೊಂದು ಸಲ ಒಂದು ಕೆಲಸ ಮಾಡಿದ್ದೆ. ಮೆಕ್ಕೆಜೋಳದ ಲಾರಿ ತೂಗುವ ಕಾಟಾದ ಮೇಲೆ ಗಾಡಿ ನಿಲ್ಲಿಸಿ ಮುಂದಿನ ಚಕ್ರ ಬೇರೆ, ಹಿಂದಿನದು ಬೇರೆ, ಆಮೇಲೆ ಪೂರ್ತಿ ತೂಗಿಸಿದೆ. ಮೊದಲೆರಡನ್ನು ಕೂಡಿದರೆ ಮೂರನೆಯದು ಬರಬೇಕು. 30 ಕೆಜಿ ವ್ಯತ್ಯಾಸ ಬಂದರೆ ಗಾಡಿ ಇಳಿಜಾರಲ್ಲಿ ನಿಂತಿದೆ ಅಂತ, ಮತ್ತೆ ನಿಲ್ಲಿಸಿ. ಕಾಟಾದ ಹುಡುಗ ನಕ್ಕ, "ಏನ್ ಲೋಡ್ ಐತಿ ಸಾರ್, ಹಾಸಿಗೆನಾ?" ಹಳೇ ಎಂಜಿನ್‌ನಲ್ಲಿ ಮುಂದಿನ ಚಕ್ರಗಳ ಮೇಲೆ ಸುಮಾರು 1,260 ಕೆಜಿ ಇತ್ತು. ಡಿಐ ಕೂರಿಸಿದಾಗ 1,350. ಸ್ಟೀರಿಂಗ್ ಯಾಕೆ ಗಟ್ಟಿಯಾಗಿತ್ತು ಅಂತ ಆಗ ಗೊತ್ತಾಯಿತು.

ಆಮೇಲೆ ತಲೆಗೆ ಬಂದದ್ದು ಅದೇ ಕಂಪನಿಯ ಮೆಟಡೋರ್ 307. ಅದಕ್ಕೆ ಕಂಪನಿಯೇ ಬೆಂಜ್ ಲೈಸೆನ್ಸಿನ ಓಎಂ 616 ಡೀಸೆಲ್ ಎಂಜಿನ್ ಹಾಕಿತ್ತು ಅಲ್ವಾ? ಅದೇ ಮನೆಯ ಎಂಜಿನ್. 2399 ಸಿಸಿ, ಪ್ರೀ ಚೇಂಬರ್ (ಡೀಸೆಲ್ ಮೊದಲು ಒಂದು ಪುಟ್ಟ ಗೂಡಲ್ಲಿ ಹೊತ್ತಿಕೊಳ್ಳುತ್ತದೆ), ಟೈಮಿಂಗ್ ಚೈನು. ಸದ್ದು ಡಿಐಗಿಂತ ಮೆತ್ತಗೆ. ಹುಬ್ಬಳ್ಳಿ ಕಡೆ ಗುಜರಿಗೆ ಹೋಗಿದ್ದ ಒಂದು ಗಾಡಿಯಿಂದ ಎಂಜಿನ್, ಗೇರ್ ಬಾಕ್ಸ್ ಎರಡನ್ನೂ ಒಟ್ಟಿಗೆ 40 ಸಾವಿರಕ್ಕೆ ಎತ್ತಿದೆ. ಬಿಲ್ಲು, ಆ ಗಾಡಿಯ ಕಾಗದ ಕೈಗೆ ಬರುವ ತನಕ ದುಡ್ಡು ಕೊಡಲಿಲ್ಲ. ಒಪ್ಪಿಗೆ ಸಿಕ್ಕಿದ್ದು ಈ ಕಾಗದಗಳಿಂದಲೇ.

ಮೌಂಟಿಂಗ್ ಬ್ರಾಕೆಟ್ ಹರಿಹರದಲ್ಲಿ ಮಾಡಿಸಿದೆ. ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರು ಅದು. ಕಾರ್ಖಾನೆ ಮುಚ್ಚಿದರೂ ಆ ಕೈಗಳು ಇನ್ನೂ ಇವೆ. ಮುದುಕಪ್ಪ ಒಬ್ಬರು ನನ್ನ ರಟ್ಟಿನ ಅಚ್ಚು ನೋಡಿ ಬೈದು, ತಾವೇ ಅಳೆದು ಮಾಡಿಕೊಟ್ಟರು. ನಾಲ್ಕೂವರೆ ಸಾವಿರ. ಮೌಂಟಿಂಗ್ ರಬ್ಬರ್ ಬುಷ್ ಮಾತ್ರ ನನ್ನ ಆಯ್ಕೆ. ಅದು ಯಾವ ಗಾಡಿಯದು ಅಂತ ಹೇಳಲ್ಲ. ಒಲೆ ಮೇಲೆ ಚಹಾದ ಲೋಟ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿದರೂ ತುಳುಕಲ್ಲ, ಅಷ್ಟು ಹೇಳಬಲ್ಲೆ.

ಕೂರಿಸಿದ ಮೇಲೆ ಮುಂದೆ 1,310 ಬಂತು. ಡ್ರೈವರ್ ಸೀಟಿನ ಬೆನ್ನಿಗಿದ್ದ ನೀರಿನ ಟ್ಯಾಂಕು, ಎರಡನೇ ಬ್ಯಾಟರಿ ಎರಡನ್ನೂ ತೀರಾ ಹಿಂದಕ್ಕೆ ಹಾಕಿದೆ. 1,270. ಸ್ಪ್ರಿಂಗ್ ಬದಲಿಸುವ ಗೋಜಿಗೇ ಹೋಗಲಿಲ್ಲ.

ಇಷ್ಟಾದರೂ ಮೊದಲ ತಿಂಗಳು ರಸ್ತೆಯಲ್ಲೇ ಕಳೆಯಿತು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪಿನ ಹೋಸ್ ಕ್ಲಿಪ್ ಸಡಿಲ ಆಗಿ ಆನಗೋಡು ಹತ್ತಿರ ಬ್ರೇಕ್ ಮರದ ಹಾಗಾಯಿತು. ಅದೊಂದೇ ನನ್ನನ್ನು ನಿಜವಾಗಿ ಹೆದರಿಸಿದ್ದು. ಹಳೇ ರೇಡಿಯೇಟರ್ ಸಾಕು ಅಂದುಕೊಂಡಿದ್ದೆ. ಮೊದಲ ಸಲ ಜೋಗಿಮಟ್ಟಿಯ ಅರ್ಧಕ್ಕೇ ಕುದಿಯಿತು. ಏಳು ಸಾವಿರ ಕೊಟ್ಟು ಹೊಸ ಕೋರ್ ಹಾಕಿಸಿದೆ. ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟೇ ಆಗಲಿಲ್ಲ. ಸ್ಟಾರ್ಟ್ ಆಗಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್‌ಗಳು ಸೀರೀಸ್‌ನಲ್ಲಿದ್ದವು, ಒಂದು ಸತ್ತರೆ ನಾಲ್ಕೂ ಸತ್ತ ಹಾಗೆ. ಪೆನ್ಸಿಲ್ ಪ್ಲಗ್ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಕರೆಂಟು ಹೋಗುವ ಹಾಗೆ ಪ್ಯಾರಲಲ್ ಮಾಡಿಸಿದೆ, ಚಳಿಯ ಕಾಟ ತಪ್ಪಿತು.

ನಡುವೆ ಒಂದು ಹುಚ್ಚು ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಹಳ್ಳಿಯ ಜನರೇಟರ್ ಓಡಿಸಿದ್ದನ್ನು ಓದಿದ್ದೆ. ನನ್ನದೂ ಹಳೇ ಕಾಲದ ಎಂಜಿನ್, ಮೈಕೋ ಕಂಪನಿಯ ಇನ್‌ಲೈನ್ ಡೀಸೆಲ್ ಪಂಪು, ಕುಡಿಯಲಿ ಬಿಡು ಅಂತ ಹತ್ತು ಲೀಟರ್ ಡೀಸೆಲ್‌ಗೆ ಒಂದು ಲೀಟರ್ ಗಾಣದ ಹೊಂಗೆ ಎಣ್ಣೆ ಬೆರೆಸಿದೆ. ಓಡಿತು! ಸೂಳೆಕೆರೆ ತನಕ ಹಬ್ಬದ ಅಡುಗೆಯ ವಾಸನೆ. ವಾಪಸ್ ಬರುವಾಗ ಫಿಲ್ಟರ್ ಕಟ್ಟಿಕೊಂಡು ಚನ್ನಗಿರಿ ರಸ್ತೆಯಲ್ಲಿ ನಿಂತೆ. ತಪ್ಪು ಎಣ್ಣೆಯದಲ್ಲ, ನಾನು ಸರಿಯಾಗಿ ಸೋಸಿರಲಿಲ್ಲ. ಮತ್ತೆ ಮಾಡುತ್ತೇನೆ. ಮನೆಯಾಕೆಗೆ ಹೇಳಿಲ್ಲ.

ಪಂಪು, ನಾಝಲ್ ಕ್ಯಾಲಿಬ್ರೇಶನ್‌ಗೆ 11 ಸಾವಿರ, ಕ್ಲಚ್ಚಿಗೆ ಆರು, ಕೂಲಿ ಹೋಸು ಅಂತ ಬೇರೆ 18. ಮೊದಲು ಹೇಳಿದ ಖರ್ಚು, ಡಿಐಯಲ್ಲಿ ಕಳೆದದ್ದು ಎಲ್ಲ ಸೇರಿಸಿದರೆ ಒಂದು ಲಕ್ಷ ಹತ್ತು ಸಾವಿರದ ಹತ್ತಿರ. ಮೈಲೇಜು ಲೀಟರಿಗೆ ಎಂಟೂವರೆ ಕಿಲೋಮೀಟರ್‌ನಿಂದ ಹತ್ತೂವರೆಗೆ ಬಂದಿದೆ. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡಿಸಿದರೆ ಉಳಿಯುವುದು 110 ಲೀಟರ್, ಅಂದರೆ ಹತ್ತು ಸಾವಿರ ರೂಪಾಯಿ. ಹಾಕಿದ್ದು ವಾಪಸ್ ಬರಲು 11 ವರ್ಷ ಬೇಕು. ಮೈಲೇಜಿಗಾಗಿ ಮಾಡುವವರು ಸುಮ್ನೆ ಇದ್ದುಬಿಡಿ.

ಜೋಗಿಮಟ್ಟಿ ಇಳಿದ ಮೇಲೆ ಮೇಸ್ತ್ರಿ ಆ ಕಾಟಾ ಚೀಟಿಗಳನ್ನು ಕೇಳಿ ಫೋಟೊ ಹೊಡೆದುಕೊಂಡರು. ಅವರ ಗ್ಯಾರೇಜಿಗೆ ಇನ್ನೊಂದು 305 ಬಂದು ನಿಂತಿದೆಯಂತೆ. "ಬುಷ್ ಯಾವುದ್ರೀ ಅಣ್ಣಾರ?" ಅಂದರು. ಚಹಾ ಕುಡಿಸಿ ಕಳಿಸಿದೆ.