ಅಂಗಡಿ ಸಾಮಾನಿಗೆ ಬಾರ್‌ಕೋಡ್: ಮೊದಲು ಪಟ್ಟಿ, ಆಮೇಲೆ ಪ್ರಿಂಟರ್

ಶೇಂಗಾ ಚಟ್ನಿಪುಡಿ 100 ಗ್ರಾಂ, 250 ಗ್ರಾಂ, ಅರ್ಧ ಕೆಜಿ. ಬೆಳ್ಳುಳ್ಳಿ ಹಾಕಿದ್ದು ಬೇರೆ, ಹಾಕದ್ದು ಬೇರೆ. ನಮ್ಮ ಅತ್ತಿಗೆಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಈ ಒಂದು ಪುಡಿಯೇ ಆರು ಐಟಂ. ಹಬ್ಬದ ರಶ್ಶಿನಲ್ಲಿ ಗಲ್ಲಾದಲ್ಲಿ ಕೂತವರು ಒಂದರ ರೇಟು ಇನ್ನೊಂದಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಸ್ಟಾಕ್ ತಾಳೆಯೇ ಆಗುತ್ತಿರಲಿಲ್ಲ. ಕೊನೆಗೆ ಇಬ್ಬರೂ ಕೂತು ಬಾರ್‌ಕೋಡ್ ಮಾಡಿದೆವು. ಪ್ರಿಂಟ್ ಹಾಕಲು ಒಂದು ಸಂಜೆ ಸಾಕಾಯ್ತು. ಐಟಂ ಪಟ್ಟಿ ಮಾಡಲು ಹನ್ನೆರಡು ದಿನ ಹಿಡಿಯಿತು!

ಪಟ್ಟಿ

ಬಾರ್‌ಕೋಡ್ ಒಳಗೆ ರೇಟು ಇರುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಆ ಗೆರೆಗಳಲ್ಲಿ ಇರುವುದು ಒಂದು ನಂಬರ್, ಅಷ್ಟೇ. ಸ್ಕ್ಯಾನರ್ ಅದನ್ನು ಓದಿ, ಕೀಬೋರ್ಡಿನಲ್ಲಿ ಟೈಪ್ ಮಾಡಿದ ಹಾಗೆ ಕಂಪ್ಯೂಟರಿಗೆ ಕೊಡುತ್ತದೆ. ಹೆಸರು, ರೇಟು, ಸ್ಟಾಕ್ ಎಲ್ಲ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿರುತ್ತವೆ. ಪಟ್ಟಿ ತಪ್ಪಿದ್ದರೆ ಎಂಥಾ ಪ್ರಿಂಟರ್ ತಂದರೂ ಸುಮ್ನೆ.

ಎಕ್ಸೆಲ್ ತೆರೆದು ನಾಲ್ಕು ಕಾಲಂ ಮಾಡಿ: ನಂಬರ್, ಹೆಸರು, ತೂಕ, ರೇಟು. ತೂಕ ಬೇರೆಯಾದರೆ ನಂಬರೂ ಬೇರೆ. ಕಂಪನಿಯಿಂದ ಬರುವ ಸೋಪು, ಬಿಸ್ಕತ್ತಿಗೆ ಆಗಲೇ ಬಾರ್‌ಕೋಡ್ ಇರುತ್ತದೆ. ಅದನ್ನೇ ಸ್ಕ್ಯಾನ್ ಮಾಡಿ ಪಟ್ಟಿಗೆ ಸೇರಿಸಿ, ಮೇಲೆ ಇನ್ನೊಂದು ಅಂಟಿಸಬೇಡಿ. ನಂಬರ್ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಅಂತ ಬದಲಾಯಿಸಿ. ಇಲ್ಲದಿದ್ದರೆ ನಂಬರಿನ ಶುರುವಿನಲ್ಲಿರುವ ಸೊನ್ನೆಗಳನ್ನು ಎಕ್ಸೆಲ್ ನುಂಗಿಬಿಡುತ್ತದೆ, ಉದ್ದ ನಂಬರನ್ನು ಏನೇನೋ ಮಾಡಿ ತೋರಿಸುತ್ತದೆ.

ಯಾವ ನಂಬರ್?

ಮಾಲು ನಿಮ್ಮ ಅಂಗಡಿಯಲ್ಲೇ ಮಾರಾಟವಾಗುವುದಾದರೆ ಯಾರ ಅಪ್ಪಣೆಯೂ ಬೇಡ. 100101ರಿಂದ ಶುರು ಮಾಡಿ ಒಂದೊಂದೇ ಮುಂದಕ್ಕೆ ಹೋಗಿ. ‘ಕೋಡ್ 128’ ಅನ್ನುವ ಬಗೆ ಇದಕ್ಕೆ ಸಾಕು. ಅದು ಎರಡೆರಡು ಅಂಕಿಯನ್ನು ಒಟ್ಟಿಗೆ ಹಿಡಿಸುತ್ತದೆ. ಹಾಗಾಗಿ ಐದು ಅಂಕಿಗಿಂತ ಆರು ಅಂಕಿಯೇ ಚೆನ್ನಾಗಿ ಕೂರುತ್ತದೆ. ಪುಡಿಗೆ 1, ಉಪ್ಪಿನಕಾಯಿಗೆ 2 ಅಂತ ನಂಬರಿನಲ್ಲೇ ಅರ್ಥ ತುಂಬುವ ಆಸೆ ನಮಗೂ ಬಂದಿತ್ತು. ಬೇಡ. ನಾಳೆ ‘ಉಪ್ಪಿನಕಾಯಿ ಮಸಾಲೆ ಪುಡಿ’ ಬಂದರೆ ಅದನ್ನು ಎಲ್ಲಿ ಹಾಕುತ್ತೀರಿ?

ಸೂಪರ್ ಮಾರ್ಕೆಟ್ಟುಗಳಿಗೆ ಮಾಲು ಕೊಡುವುದಾದರೆ ಲೆಕ್ಕ ಬೇರೆ. ಆಗ ಬೇಕಾಗುವುದು ಕಂಪನಿ ಸಾಮಾನಿನ ಮೇಲಿರುವಂಥ 13 ಅಂಕಿಯ ಇಎಎನ್ ನಂಬರ್. ಇದನ್ನು ಬಾರ್‌ಕೋಡ್ ನಂಬರ್ ಹಂಚುವ ಸಂಸ್ಥೆ ಜಿಎಸ್1 ಇಂಡಿಯಾದಿಂದ ಪಡೆಯಬೇಕು. ಅವರು ಕೊಡುವ ನಂಬರ್ 890ರಿಂದ ಶುರುವಾಗುತ್ತದೆ. 890 ಇದ್ದರೆ ಭಾರತದಲ್ಲೇ ತಯಾರಾಗಿದ್ದು ಅಂತ ಅಲ್ಲ, ನಂಬರ್ ಇಲ್ಲಿ ಕೊಟ್ಟಿದ್ದು ಅಂತ ಮಾತ್ರ. ನಿಮ್ಮ ಸಾಫ್ಟ್‌ವೇರ್ 13 ಅಂಕಿಯನ್ನೇ ಕೇಳಿದರೆ, ಅಂಗಡಿಯೊಳಗಿನ ಬಳಕೆಗೆ ಅಂತಲೇ ಬಿಟ್ಟಿರುವ, 2ರಿಂದ ಶುರುವಾಗುವ ನಂಬರ್ ಹಾಕಿಕೊಳ್ಳಬಹುದು.

13 ಅಂಕಿಯ ನಂಬರಿನಲ್ಲಿ ಕೊನೆಯದು ತಾಳೆ ನೋಡುವ ಅಂಕಿ, ಮೊದಲ 12ರಿಂದ ಲೆಕ್ಕ ಹಾಕಿದ್ದು. ಉದಾಹರಣೆಗೆ 200000001034 ತೆಗೆದುಕೊಳ್ಳಿ. ಎಡದಿಂದ 1, 3, 5ನೇ ಜಾಗ ಹೀಗೆ ಬೆಸ ಜಾಗದ ಅಂಕಿಗಳನ್ನು ಕೂಡಿ: 2+1+3, ಅಂದರೆ 6. ಸಮ ಜಾಗದವನ್ನು ಕೂಡಿದರೆ 4, ಮೂರರಿಂದ ಗುಣಿಸಿದರೆ 12. ಒಟ್ಟು 18. ಮುಂದಿನ ದಶಕ 20ಕ್ಕೆ ಎರಡು ಕಮ್ಮಿ, ಅಲ್ವಾ? ಆ 2 ಕೊನೆಗೆ ಬರುತ್ತದೆ: 2000000010342. ಇದನ್ನು ಸಾಫ್ಟ್‌ವೇರೇ ಮಾಡುತ್ತದೆ. ಆದರೆ ‘ನಂಬರ್ ತಪ್ಪು’ ಅಂತ ಅದು ಹಟ ಹಿಡಿದಾಗ ಎಲ್ಲಿ ನೋಡಬೇಕು ಅಂತ ಗೊತ್ತಿರಲಿ.

ಕನ್ನಡದ ಕಥೆ

ಈ ಗೆರೆಗಳ ಒಳಗೆ ಕನ್ನಡ ಅಕ್ಷರ ಹಿಡಿಸುವುದಿಲ್ಲ, ೧೨೩ ಕೂಡ ಹಿಡಿಸುವುದಿಲ್ಲ. ಆದರೆ ಗೆರೆಯ ಮೇಲೆ ‘ಸಾರಿನ ಪುಡಿ’ ಅಂತ ಧಾರಾಳವಾಗಿ ಬರೆಯಬಹುದು. ಹೆಸರುಗಳು ಯೂನಿಕೋಡಿನಲ್ಲಿರಲಿ. ಹಳೆಯ ‘ನುಡಿ’ ಸಾಫ್ಟ್‌ವೇರಿನ ಫೈಲಿನಿಂದ ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕೆಲವು ಲೇಬಲ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು ‘ಚಟ್‌ನಿ’ ಆಗುತ್ತದೆ. ಆಗ ಹೆಸರನ್ನು ಚಿತ್ರವಾಗಿ ಮಾಡಿ ಸೇರಿಸಿ.

ಪ್ರಿಂಟ್

ಐವತ್ತು ಐಟಮ್ಮಿನ ಒಳಗಿದ್ದರೆ ಹೊಸ ಪ್ರಿಂಟರ್ ಬೇಡ. ಸ್ಟೇಷನರಿ ಅಂಗಡಿಯಲ್ಲಿ ಎ4 ಸ್ಟಿಕ್ಕರ್ ಹಾಳೆ ಸಿಗುತ್ತದೆ, ಲೇಸರ್ ಪ್ರಿಂಟರಿನಲ್ಲಿ ಹಾಕಿ. ‘ಫಿಟ್ ಟು ಪೇಜ್’ ತೆಗೆದು ನೂರು ಪರ್ಸೆಂಟಿನಲ್ಲೇ ಪ್ರಿಂಟ್ ಕೊಡಿ. ಇಲ್ಲದಿದ್ದರೆ ಗೆರೆ ಸ್ಟಿಕ್ಕರಿನ ಅಂಚಿಗೆ ಜಾರುತ್ತದೆ.

ದಿನಾ ಪ್ಯಾಕಿಂಗ್ ಇದ್ದರೆ ಥರ್ಮಲ್ ಲೇಬಲ್ ಪ್ರಿಂಟರ್ ವಾಸಿ. ಇದರಲ್ಲಿ ಎರಡು ಬಗೆ. ರಿಬ್ಬನ್ (ಮಸಿ ಪಟ್ಟಿ) ಇಲ್ಲದ್ದು ಶಾಖಕ್ಕೆ ಕಪ್ಪಾಗುವ ಪೇಪರ್ ಬಳಸುತ್ತದೆ. ಬಿಸಿಲು ಬೀಳುವ ಶೆಲ್ಫಿನಲ್ಲಿಟ್ಟರೆ ಬರಬರುತ್ತಾ ಮಾಸುತ್ತದೆ. ರಿಬ್ಬನ್ ಇರುವುದಕ್ಕೆ ಕ್ರೋಮೋ ಪೇಪರ್ ರೋಲ್ ಸಾಕು, ಅಚ್ಚು ಜಾಸ್ತಿ ದಿನ ನಿಲ್ಲುತ್ತದೆ. ಎಣ್ಣೆ ಕೈ ತಾಗುವ ಉಪ್ಪಿನಕಾಯಿ ಬಾಟಲಿಗೆ ಬರೀ ವ್ಯಾಕ್ಸ್ (ಮೇಣದ ಮಸಿಯ) ರಿಬ್ಬನ್ ಬೇಡ, ವ್ಯಾಕ್ಸ್-ರೆಸಿನ್ ಕೇಳಿ ತನ್ನಿ.

ಸಾಮಾನ್ಯ 203 ಡಿಪಿಐ ಪ್ರಿಂಟರ್ ಒಂದು ಮಿಲಿಮೀಟರಿಗೆ ಎಂಟು ಚುಕ್ಕಿ ಹಾಕುತ್ತದೆ. ತೀರಾ ಸಣ್ಣ ಗೆರೆಗೆ ಎರಡು ಚುಕ್ಕಿ ಕೊಟ್ಟರೆ ಆರು ಅಂಕಿಯ ಕೋಡ್ 17 ಮಿಲಿಮೀಟರಿನಲ್ಲಿ ಮುಗಿಯುತ್ತದೆ. ಎರಡೂ ಬದಿಗೆ ಕಡಿಮೆಯೆಂದರೆ ಎರಡೂವರೆ ಮಿಲಿಮೀಟರ್ ಖಾಲಿ ಬಿಳಿ ಬಿಡಿ. ಆ ಖಾಲಿ ಜಾಗ ಕಂಡರೇನೇ ಗೆರೆ ಎಲ್ಲಿ ಶುರು ಅಂತ ಸ್ಕ್ಯಾನರಿಗೆ ತಿಳಿಯುವುದು. ಅಲ್ಲಿ ಹೂವಿನ ಚಿತ್ರ ಹಾಕುವ ಆಸೆ ಬೇಡ.

ಚೆಂದ ಕಾಣಲಿ ಅಂತ ನಾನು ಮೊದಲ ಹಾಳೆಯ ಗೆರೆಗಳನ್ನು ಮೆಣಸಿನಕಾಯಿ ಕೆಂಪಿನಲ್ಲಿ ಹಾಕಿದ್ದೆ. ಸ್ಕ್ಯಾನರ್ ತುಟಿಪಿಟಕ್ ಅನ್ನಲಿಲ್ಲ. ಅದರ ಬೆಳಕೂ ಕೆಂಪು. ಆ ಬೆಳಕಿಗೆ ಕೆಂಪು ಗೆರೆಯೂ ಬಿಳಿ ಹಾಳೆಯೂ ಒಂದೇ ಥರ. ಇಡೀ ಹಾಳೆ ದಂಡ. ಬಿಳಿ ಮೇಲೆ ಕಪ್ಪೇ ಇರಲಿ.

ಅಂಟಿಸುವ ಮೊದಲು

ನೋಟ್‌ಪ್ಯಾಡ್ ತೆರೆದು ಐದಾರು ಸ್ಟಿಕ್ಕರ್ ಸ್ಕ್ಯಾನ್ ಮಾಡಿ. ನಂಬರ್ ಸರಿಯಾಗಿ ಬಿದ್ದರೆ ಮುಂದಕ್ಕೆ. ಪ್ಯಾಕೆಟ್ಟಿನ ಎಣ್ಣೆ ಒರೆಸಿ, ಮಡಿಕೆಯಿಲ್ಲದ ಜಾಗದಲ್ಲಿ ಅಂಟಿಸಿ. ಸಣ್ಣ ಬಾಟಲಿಗೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಬರಲಿ. ನೆಟ್ಟಗೆ ನಿಲ್ಲಿಸಿದರೆ ತುದಿಯ ಗೆರೆಗಳು ದುಂಡಿನ ಹಿಂದೆ ಮರೆಯಾಗುತ್ತವೆ. ಎಂಆರ್‌ಪಿ, ತೂಕ, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಎಲ್ಲ ಪ್ಯಾಕೆಟ್ ಮೇಲೆ ಇರಲೇಬೇಕು. ಸ್ಟಿಕ್ಕರ್ ಅವನ್ನು ಮುಚ್ಚದಿರಲಿ.

ಬಿಡಿಯಾಗಿ ಮಾರುವ ಬೆಲ್ಲ, ಹುಣಸೆಹಣ್ಣಿಗೆ ಸ್ಟಿಕ್ಕರ್ ಎಲ್ಲಿ ಅಂಟಿಸುವುದು? ಅತ್ತಿಗೆ ಅವುಗಳ ಕೋಡುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ತಕ್ಕಡಿ ಪಕ್ಕದ ಮೊಳೆಗೆ ನೇತು ಹಾಕಿದ್ದಾರೆ. ತೂಗುವುದು, ಹಾಳೆಗೆ ಸ್ಕ್ಯಾನರ್ ತೋರಿಸುವುದು, ತೂಕ ಒತ್ತುವುದು.