ಮೂವತ್ತು ಹೆಜ್ಜೆಗೆ ಮಾಯವಾದ ಬಟ್ಟೆ

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಮ್ಮ ಸುಬೇದಾರ್ ಮಾವ ನನ್ನನ್ನು ನೋಡದೆ ದಾಟಿಕೊಂಡು ಹೋದರು. ತೋಟದ ಬಣ್ಣಕ್ಕೆ ಬೆರೆತುಹೋಗಲಿ ಅಂತ ನಾನೇ ಪ್ರಿಂಟ್ ಮಾಡಿದ ಬಟ್ಟೆ ಹೊದ್ದು ನಾನು ಕೂತಿದ್ದು ಮೆಣಸಿನ ಬಳ್ಳಿ ಹಬ್ಬಿದ ಹಾಲವಾಣದ ಬುಡದಲ್ಲಿ, ಅವರ ದಾರಿಯಿಂದ ಮೂವತ್ತು ಹೆಜ್ಜೆಯೂ ಇರಲಿಲ್ಲ. ನಾನು ಕೆಮ್ಮಿದ ಮೇಲೆಯೇ ಅವರು ತಿರುಗಿದ್ದು. "ಬಟ್ಟೆಯಲ್ಲಿ ಏನೂ ಇಲ್ಲ ಮಾರಾಯ, ಅಲ್ಲಾಡದೆ ಕೂರೋದು ಕಲಿ" ಅಂತ ಮೂರು ವರ್ಷ ನನ್ನನ್ನು ನಗಾಡಿದವರು ಇವರೇ. ಅವತ್ತು ಏನೂ ಮಾತಾಡಲಿಲ್ಲ. ಬಟ್ಟೆಯ ಅಂಚು ಹಿಡಿದು ಉಜ್ಜಿ ನೋಡಿ, "ಬಣ್ಣ ಬಿಡಲ್ವಾ?" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಹಾಕಿ ಹಬ್ಬದ ಸಮಯದಲ್ಲಿ ಜೆರ್ಸಿ, ಟೀ ಶರ್ಟು ಅಂತ ಉಸಿರಾಡೋಕೂ ಪುರುಸೊತ್ತಿಲ್ಲ. ಮಳೆ ಹಿಡಿದರೆ ಮಾತ್ರ ನೊಣ ಹೊಡೆಯೋ ಕೆಲಸ. ಹಕ್ಕಿ ಫೋಟೊ ತೆಗೆಯೋಕೆ ಬರುವವರು ಮರೆಗೆ ಕಟ್ಟಿಕೊಳ್ಳುವ ಬಟ್ಟೆ ಕೇಳುತ್ತಿದ್ದರು. ಹೊರಗಿಂದ ತರಿಸಿದ್ದು ನಮ್ಮ ತೋಟದಲ್ಲಿ ಎದ್ದು ಕಾಣುತ್ತದೆ ಅನ್ನೋದು ಅವರ ದೂರು. ಹಾಗೆ ಶುರುವಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೇನೆಯ ಡಿಸೈನ್ ನಕಲು ಮಾಡಬೇಡಿ. ಸಣ್ಣ ಚೌಕಗಳ ಈಗಿನ ಡಿಜಿಟಲ್ ಸಮವಸ್ತ್ರ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆಯವರ ಜೊತೆ ಸೇರಿ ಮಾಡಿದ್ದು. ಹೊರಗೆ ಬಂದದ್ದು 2022ರ ಜನವರಿ 15ಕ್ಕೆ, ಅಂದರೆ 1949ರಲ್ಲಿ ನಮ್ಮ ಕಾರ್ಯಪ್ಪನವರು ಸೇನೆಯ ಚುಕ್ಕಾಣಿ ಹಿಡಿದ ದಿನ. ಅದರ ಹಕ್ಕನ್ನು ಸೇನೆ ನೋಂದಾಯಿಸಿಕೊಂಡಿದೆ, ಅಂಗಡಿಯಲ್ಲಿ ಮಾರುವ ಹಾಗಿಲ್ಲ. ಮನೆಗೊಬ್ಬ ಸೈನಿಕ ಇರುವ ಈ ಊರಲ್ಲಿ ಅದನ್ನು ಮಾಡಿದರೆ ಕಾನೂನಿಗಿಂತ ಮೊದಲು ಮಾವಂದಿರೇ ವಿಚಾರಿಸಿಕೊಳ್ಳುತ್ತಾರೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಕಾಫಿ ಎಲೆ, ಮೆಣಸಿನ ಎಲೆಯ ಫೋಟೊ ತೆಗೆದು, ಇದ್ದಷ್ಟೇ ಗಾತ್ರಕ್ಕೆ ನಾಲ್ಕು ಬಣ್ಣದಲ್ಲಿ ಹೊಡೆದೆ. ಟೇಬಲ್ ಮೇಲೆ ನೋಡಿದರೆ ಎಲೆಯ ನರ ಕೂಡ ಕಾಣುತ್ತಿತ್ತು, ಅಷ್ಟು ಚಂದ. ತೋಟಕ್ಕೆ ಒಯ್ದು ಇಪ್ಪತ್ತು ಹೆಜ್ಜೆ ಹಿಂದೆ ಸರಿದೆ. ಎಲೆ ಎಲ್ಲ ಕಲಸಿಹೋಗಿ ಒಂದೇ ಪಾಚಿ ಬಣ್ಣದ ಮುದ್ದೆ! ಅದರೊಳಗೆ ಮನುಷ್ಯನ ಆಕಾರ ಇನ್ನೂ ಸ್ಪಷ್ಟ. ಸುಮಾರು ನಲವತ್ತು ಮೀಟರ್ ಬಟ್ಟೆ, ಸ್ಕ್ರೀನು, ಇಂಕು ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಯಿತು. ಆ ಬಟ್ಟೆ ಸ್ಕೂಟರ್ ಸೀಟ್ ಕವರ್ ಆಗಿ ಇನ್ನೂ ಊರಲ್ಲಿ ಓಡಾಡುತ್ತಿದೆ.

ನನಗೆ ಸಮಾಧಾನ ಕೊಟ್ಟದ್ದು ಅಮೆರಿಕದವರು. ಮರಳುಗಾಡು, ಕಾಡು, ಪೇಟೆ ಎಲ್ಲಕ್ಕೂ ಒಂದೇ ಅಂತ 2004ರಲ್ಲಿ ಅವರ ಸೇನೆ ಬೂದು ಛಾಯೆಯ ಡಿಜಿಟಲ್ ಡಿಸೈನ್ ತಂದಿತು. ಸಣ್ಣ ಚೌಕಗಳು, ಬಣ್ಣಗಳ ನಡುವೆ ಅಂತರ ಕಮ್ಮಿ. ದೂರದಿಂದ ಅದೂ ನನ್ನ ಬಟ್ಟೆಯ ಹಾಗೆ ಒಂದೇ ಮುದ್ದೆ. ಅಫ್ಘಾನಿಸ್ತಾನದಲ್ಲಿದ್ದವರಿಗೆ 2010ರಲ್ಲೇ ಮಲ್ಟಿಕ್ಯಾಮ್ ಎಂಬ ಬೇರೆ ಡಿಸೈನ್ ಕೊಡಬೇಕಾಯಿತು. 2015ರಿಂದ ಇಡೀ ಸೇನೆಗೇ ಬದಲಾಯಿಸಿದರು. ಅಷ್ಟರಲ್ಲಿ 500 ಕೋಟಿ ಡಾಲರ್ ಮುಳುಗಿತ್ತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ಹದಿನಾಲ್ಕು ಸಾವಿರ ಯಾವ ಲೆಕ್ಕ, ಅಲ್ವಾ?

ದಾರಿ ತೋರಿಸಿದ್ದೂ ಅಲ್ಲಿಯ ಒಬ್ಬರೇ. ತಿಮೋತಿ ಓನೀಲ್ ಎಂಬ ಅಧಿಕಾರಿ 1970ರ ದಶಕದಲ್ಲೇ ಒಂದು ಸೇನಾ ವಾಹನಕ್ಕೆ ಎರಡು ಇಂಚಿನ ಚೌಕಗಳನ್ನು ಪೇಂಟ್ ರೋಲರಿನಿಂದ ಹೊಡೆದು ಪರೀಕ್ಷೆ ಮಾಡಿದ್ದರು. ದೂರದವನ ಕಣ್ಣಿಗೆ ದೊಡ್ಡ ಮಚ್ಚೆ, ಹತ್ತಿರದವನ ಕಣ್ಣಿಗೆ ಅದರ ಅಂಚಿನ ಸಣ್ಣ ಚೌಕ. ಎರಡೂ ಒಂದೇ ಬಟ್ಟೆಯಲ್ಲಿ ಇರಬೇಕು. ಕೆನಡಾ ಸೇನೆಯ ಸಮವಸ್ತ್ರದ ಡಿಸೈನ್ ಕ್ಯಾಡ್‌ಪ್ಯಾಟ್, ಅದರ ಹಿಂದೆ ಬಂದ ಅಮೆರಿಕದ ಮರೀನ್‌ಗಳ ಮಾರ್‌ಪ್ಯಾಟ್, ಎರಡಕ್ಕೂ ಬೇರು ಇದೇ. ನಾನೂ ಎರಡು ಇಂಚಿನ ರೋಲರ್ ತಂದು ಹಳೇ ಟಾರ್ಪಾಲ್ ಮೇಲೆ ಹೊಡೆದೆ. ಕಾಫಿ ಒಣಗಿಸೋ ಟಾರ್ಪಾಲ್ ಅದು, ಅಮ್ಮನ ಬೈಗುಳ ಬೇರೆ. ಆದರೆ ಒಂದೇ ಮಧ್ಯಾಹ್ನದಲ್ಲಿ ಕಲಿತದ್ದು ಒಂದು ವರ್ಷದ ಸ್ಕ್ರೀನಿನಲ್ಲಿ ಕಲಿತಿರಲಿಲ್ಲ.

ಎಲ್ಲರೂ ಹಸಿರು ಹಸಿರು ಅಂತಾರೆ. ತೋಟದ ನೆರಳಿನ ಸಿಲ್ವರ್ ಓಕ್ ಮರದ ಕೆಳಗೆ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದು, ಕಣ್ಣು ಕಿರಿದು ಮಾಡಿ ನೋಡಿ. ಅರ್ಧಕ್ಕರ್ಧ ಕತ್ತಲೆ, ನಡುವೆ ಅಂಗೈಯಗಲದ ಬಿಸಿಲಿನ ತುಣುಕು. ನನ್ನ ಬಟ್ಟೆಯಲ್ಲಿ ಹಸಿರು ಕಾಲು ಭಾಗ ಇದ್ದರೆ ಹೆಚ್ಚು. ಉಳಿದದ್ದು ಒದ್ದೆ ಮಣ್ಣು, ಒಣ ತರಗೆಲೆ, ಕಪ್ಪು. ಯಾವುದು ಎಷ್ಟು ಅನ್ನೋದನ್ನು ಇಲ್ಲಿ ಬರೆಯಲ್ಲ. ಸ್ಕ್ರೀನಿನ ರಿಪೀಟ್, ಅಂದರೆ ಅದೇ ಚಿತ್ರ ಮತ್ತೆ ಮತ್ತೆ ಬರೋದು, ದೂರಕ್ಕೆ ಪಟ್ಟೆ ಪಟ್ಟೆಯಾಗಿ ಕಾಣದ ಹಾಗೆ ಹೇಗೆ ಮಾಡಿದೆ ಅನ್ನೋದನ್ನೂ ಬರೆಯಲ್ಲ. ಅದಕ್ಕೆ ನನ್ನ ಎರಡು ಮಳೆಗಾಲ ಹೋಗಿದೆ.

ಮಳೆಗಾಲ ಅಂದರೆ ಕ್ಯೂರಿಂಗ್, ಅಂದರೆ ಬಿಸಿ ಕೊಟ್ಟು ಇಂಕನ್ನು ಬಟ್ಟೆಗೆ ಕೂರಿಸೋ ಕೆಲಸ, ನೆನಪಾಗುತ್ತದೆ. ಮೊದಲು ಮಾರಿದ ಆರು ಪೀಸಿನಲ್ಲಿ ನಾಲ್ಕು ವಾಪಸ್ ಬಂದವು. ಜುಲೈ ತಿಂಗಳ ತಂಡಿಗೆ ಬಣ್ಣ ಅಂಟಿಸುವ ಬೈಂಡರ್ ಸರಿಯಾಗಿ ಹಿಡಿದೇ ಇರಲಿಲ್ಲ. ಒಬ್ಬರ ಬಿಳಿ ಲೆನ್ಸಿಗೆ ಕಂದು ಬಣ್ಣ ಅಂಟಿತ್ತು. ದುಡ್ಡು ವಾಪಸ್ ಕೊಟ್ಟೆ, ಕಾಫಿ ಕುಡಿಸಿ ಕಳಿಸಿದೆ. ಈಗ ಟೀ ಶರ್ಟಿನ ಹೀಟ್ ಪ್ರೆಸ್ಸಿನಲ್ಲೇ 150 ಡಿಗ್ರಿಗೆ ಒಂದೊಂದೇ ಅಡಿ ಒತ್ತುತ್ತೇನೆ. ಸೊಂಟ ಬಿದ್ದುಹೋಗುತ್ತದೆ, ಬಣ್ಣ ಮಾತ್ರ ಅಲ್ಲಾಡಲ್ಲ.

ಇನ್ನೊಬ್ಬರು ಬಟ್ಟೆ ಒಗೆದ ಮೇಲೆ ಹಕ್ಕಿ ಹತ್ತಿರ ಬರುತ್ತಿಲ್ಲ ಅಂದರು. ನಾನು ನಂಬಲಿಲ್ಲ. ಆಮೇಲೆ ಸುಮ್ನೆ ಗಲ್ಲಾದ ಪಕ್ಕದ ಖೋಟಾ ನೋಟು ನೋಡುವ ನೀಲಿ ದೀಪದ ಕೆಳಗೆ ಹಿಡಿದೆ. ಬಟ್ಟೆ ಟ್ಯೂಬ್‌ಲೈಟ್ ಹಾಗೆ ಹೊಳೆಯಿತು! ಸೋಪಿನ ಪುಡಿಯಲ್ಲಿ ಹೊಳಪಿಗೆ ಹಾಕುವ ಕೆಮಿಕಲ್ ಅದು. ನಮಗೆ ಕಾಣದ ಅತಿನೇರಳೆ ಬೆಳಕು ಎಷ್ಟೋ ಹಕ್ಕಿಗಳಿಗೆ ಕಾಣುತ್ತದೆ. ಹಕ್ಕಿ ಬಾರದ್ದಕ್ಕೆ ಅದೇ ಕಾರಣವಾ ಅಂತ ಆಣೆ ಮಾಡಿ ಹೇಳಲಾರೆ, ಆದರೆ ಈಗ ಪ್ರತಿ ಪೀಸಿನ ಜೊತೆ ಸೋಪಿನ ಪುಡಿ ಬದಲಿಗೆ ಅಂಟುವಾಳ ಕಾಯಿಯ ಒಂದು ಪೊಟ್ಟಣ ಕೊಡುತ್ತೇನೆ.

ತೋಟದ ಸಿಸಿ ಕ್ಯಾಮೆರಾದ ಮುಂದೆ ರಾತ್ರಿ ಕೂತದ್ದು ಬೇರೆ ಕತೆ. ಕ್ಯಾಮೆರಾ ಬಿಡುವ, ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಹಸಿರು, ಕಂದು ಎಲ್ಲ ಬೆಳ್ಳಗಾಗಿ, ಕಪ್ಪು ಇಂಕು ಮಾತ್ರ ಕಪ್ಪಾಗಿ ಉಳಿಯಿತು. ಅದರಲ್ಲಿ ಇಂಗಾಲ ಇರುತ್ತದಲ್ಲ. ತಮಾಷೆ ಅಂದರೆ ಕಾಫಿ ಎಲೆಯೂ ಆ ಬೆಳಕಿಗೆ ಬೆಳ್ಳಗೇ ಕಾಣುತ್ತದೆ. ಸೇನೆಗಳು ಇದಕ್ಕೇ ಬಣ್ಣಗಳನ್ನು ಬೇರೆಯಾಗಿ ಪರೀಕ್ಷಿಸುತ್ತವೆ. ನನ್ನದು ಪುಕ್ಕಟೆ ಅದೃಷ್ಟ. ಆನೆಗೆ ಇದರಿಂದ ಏನೂ ಆಗಲ್ಲ, ಅದು ಮೂಗಿನಲ್ಲೇ ಹುಡುಕುತ್ತದೆ. ಆ ಪ್ರಯೋಗ ಮಾಡೋಕೆ ಹೋಗಿ ಓಡಿದ್ದು ನಾನೊಬ್ಬನೇ ಸಾಕು.

ಈಗ ಮೀಟರಿಗೆ ಇನ್ನೂರ ಅರವತ್ತು, ಎಪ್ಪತ್ತು ರೂಪಾಯಿ ಬೀಳುತ್ತದೆ. ಒಂದು ಪೀಸಿಗೆ ನಾಲ್ಕು ಮೀಟರ್ ಬೇಕು. ಸಾವಿರದ ಎಂಟುನೂರಕ್ಕೆ ಮಾರುತ್ತೇನೆ. ಇದುವರೆಗೆ ಮೂವತ್ತೈದೋ ನಲವತ್ತೋ ಹೋಗಿವೆ. ಹಾಕಿದ ದುಡ್ಡು ಪೂರ್ತಿ ಬಂದಿಲ್ಲ. ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಹೂವಿನಿಂದ ತೋಟ ಬೆಳ್ಳಗಾದ ನಾಲ್ಕೈದು ದಿನ ಮಾತ್ರ ನನ್ನ ಬಟ್ಟೆ ಮಸಿ ಮೆತ್ತಿದ ಹಾಗೆ ಕಾಣುತ್ತದೆ. ಆಗ ಕೇಳಿದವರಿಗೆ ಹಳೇ ಬಿಳಿ ಬೆಡ್‌ಶೀಟ್ ಹೊದ್ದುಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.